ಹಬ್ಬಕ್ಕೆ ಏನು ಕೊಡೋದು ಅಂತ ಅಂಗಡಿಗೆ ಹೋಗಿ ಯೋಚಿಸಬೇಡಿ

ನನ್ನ ತವರು ಗುಬ್ಬಿ ಕಡೆ ಒಂದು ಹಳ್ಳಿ. ಆರು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆಯೇ ಹೋಗಿದ್ದೆ. ಕಾಯಿ ಒಬ್ಬಟ್ಟಿಗೆ ಅಂತ ಅಮ್ಮ ಎಂಟು ತೆಂಗಿನಕಾಯಿ ಒಡೆದುಕೊಂಡು ತುರಿಮಣೆ ಮೇಲೆ ಕೂತಳು. ಎರಡು ಹೋಳು ತುರಿಯೋದು, ನಿಲ್ಲಿಸೋದು, ಮಣಿಕಟ್ಟು ಒತ್ತಿಕೊಳ್ಳೋದು, ಮತ್ತೆ ತುರಿಯೋದು. ಮಣಿಕಟ್ಟಿಗೆ ಹಳೇ ಸೀರೆಯ ಚೂರೊಂದನ್ನು ಬಿಗಿದು ಕಟ್ಟಿದ್ದಳು. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದೆ. "ಅದೇನ್ ಮಹಾ, ಎರಡು ವರ್ಷ ಆಯ್ತು" ಅಂದಳು. ಆ ಎರಡು ವರ್ಷದಲ್ಲಿ ನಾನು ಅವಳಿಗೆ ಕೊಟ್ಟಿದ್ದು ಎರಡು ರೇಷ್ಮೆ ಸೀರೆ. ಎರಡೂ ಬೀರುವಿನಲ್ಲಿ ಅಂಗಡಿಯ ಕವರ್ ಸಮೇತ ಹಾಗೇ ಇದ್ದವು.

ಹಬ್ಬ ಮುಗಿಸಿ ತುಮಕೂರಿಗೆ ವಾಪಸ್ ಬಂದ ವಾರದಲ್ಲೇ ಒಂದು ಪಾತ್ರೆ ಅಂಗಡಿಗೆ ಹೋದೆ. ಅಡುಗೆ ಕಟ್ಟೆಗೆ ಕಚ್ಚಿಕೊಂಡು ನಿಲ್ಲುವ, ಹಿಡಿ ತಿರುಗಿಸಿದರೆ ಕಾಯಿ ತುರಿಯುವ ಸಾಧನ ತಂದೆ. ಸಾವಿರ ರೂಪಾಯಿಯೂ ಆಗಲಿಲ್ಲ. ಅದನ್ನು ಅಮ್ಮ ಇವತ್ತಿಗೂ ದಿನಾ ಬಳಸುತ್ತಾಳೆ. ತೆಂಗಿನ ಸೀಮೆಯಲ್ಲಿ ಕಾಯಿ ತುರಿಯದ ದಿನ ಎಲ್ಲಿದೆ ಹೇಳಿ!

ಅಲ್ಲಿಂದ ನಾನು ಹಬ್ಬದ ಉಡುಗೊರೆ ತರುವ ರೀತಿಯೇ ಬದಲಾಯಿತು. ಗೌರಿ ಹಬ್ಬದಿಂದ ದೀಪಾವಳಿವರೆಗೆ, ಆಮೇಲೆ ಸಂಕ್ರಾಂತಿ, ಯುಗಾದಿ ಅಂತ ವರ್ಷಪೂರ್ತಿ ಕೊಡೋದು ತಗೊಳ್ಳೋದು ಇದ್ದೇ ಇರುತ್ತದೆ. ನಾನು ಏನು ಮಾಡುತ್ತೇನೆ ಅಂತ ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಮನೆಗೆ ಹೊಂದುವಷ್ಟನ್ನು ತಗೊಳ್ಳಿ.

ಮೊದಲು ನೋಡಿ, ಆಮೇಲೆ ಕೊಳ್ಳಿ

ಹಬ್ಬಕ್ಕೆ ಕನಿಷ್ಠ ಒಂದೂವರೆ ತಿಂಗಳು ಇರುವಾಗಲೇ ಶುರು ಮಾಡಿ. ಕೊಳ್ಳೋಕೆ ಅಲ್ಲ, ನೋಡೋಕೆ. ಯಾರಿಗೆ ಕೊಡಬೇಕೋ ಅವರ ಒಂದು ದಿನ ಹೇಗೆ ಹೋಗುತ್ತದೆ? ಬೆಳಗ್ಗೆ ಎದ್ದು ಮೊದಲು ಏನು ಮುಟ್ಟುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಕೆಲಸಕ್ಕೆ ಬಂದಾಗ ಅವರ ಮುಖ ಸಣ್ಣಗಾಗುತ್ತದೆ?

ನಾನು ಮುಖ್ಯವಾಗಿ ಮೂರು ವಿಷಯ ಗಮನಿಸುತ್ತೇನೆ. ಮನೆಯಲ್ಲಿ ದಾರ ಸುತ್ತಿದ, ಟೇಪ್ ಅಂಟಿಸಿದ, ಬೆಣೆ ಕೊಟ್ಟು ನಿಲ್ಲಿಸಿದ ವಸ್ತು ಯಾವುದಿದೆ? ಕನ್ನಡಕದ ಕಡ್ಡಿಗೆ ದಾರ ಕಟ್ಟಿರೋದು, ಕುಕ್ಕರ್ ಹಿಡಿ ಅಲ್ಲಾಡೋದು, ಟಾರ್ಚನ್ನು ಎರಡು ಸಲ ತಟ್ಟಿದರೆ ಮಾತ್ರ ಹತ್ತೋದು. ಅವರಿಗೆ ಅದು ಅಭ್ಯಾಸ ಆಗಿಹೋಗಿರುತ್ತದೆ, ಬೇಕು ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಇನ್ನೊಂದು, ಫೋನಿನಲ್ಲಿ ಮತ್ತೆ ಮತ್ತೆ ಬರುವ ಮಾತು. ಮಾವನವರು ಮೂರು ಸಲ "ರಾತ್ರಿ ಎದ್ದರೆ ಸ್ವಿಚ್ಚೇ ಸಿಗಲ್ಲಮ್ಮ" ಅಂದರು. ಎದ್ದು ನಡೆದಾಗ ತಾನೇ ಹತ್ತಿಕೊಳ್ಳುವ ಸಣ್ಣ ದೀಪ ಒಂದನ್ನು ಮಂಚದ ಕೆಳಗೆ ಅಂಟಿಸಿದೆವು. ಮೂರನೆಯದು, ಅವರು ಮೊದಲು ಇಷ್ಟಪಟ್ಟು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ. ಇದನ್ನು ಕಂಡುಹಿಡಿಯೋದು ಕಷ್ಟ, ಆದರೆ ನಿಜವಾದ ಉಡುಗೊರೆ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ನಮ್ಮ ಅತ್ತೆ ಹೊಸಿಲ ಮುಂದೆ ದೊಡ್ಡ ರಂಗೋಲಿ ಹಾಕುತ್ತಿದ್ದವರು, ಮೂರು ಗೆರೆ ಎಳೆದು ಒಳಗೆ ಬರೋಕೆ ಶುರು ಮಾಡಿದ್ದರು. ಬೇಜಾರು ಇರಬೇಕು ಅಂದುಕೊಂಡಿದ್ದೆ. ಮಂಡಿ ಬಗ್ಗುತ್ತಿರಲಿಲ್ಲ ಅಷ್ಟೇ. ಗಟ್ಟಿಯಾದ ಮರದ ಗಿಡ್ಡ ಸ್ಟೂಲ್ ಒಂದನ್ನು ಬಡಗಿಯ ಹತ್ತಿರ ಮಾಡಿಸಿ ದೀಪಾವಳಿಗೆ ಕೊಟ್ಟೆ. ಬಲಿಪಾಡ್ಯಮಿ ದಿನ ನಮ್ಮ ಬಾಗಿಲ ಮುಂದೆ ಮತ್ತೆ ಪೂರ್ತಿ ರಂಗೋಲಿ ಇತ್ತು.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳೋಕೆ ಆಗೋದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಡಿ, ಅಥವಾ ಮೊಬೈಲಿನಲ್ಲಿ ಬರೆದುಕೊಳ್ಳಿ. ಒಬ್ಬೊಬ್ಬರಿಗೆ ಒಂದು ಪುಟ. ಸೀರೆಯ ಬಣ್ಣ, ಬಳೆಯ ಅಳತೆ, ಚಪ್ಪಲಿ ನಂಬರ್, ಅಂಗಿಯ ಅಳತೆ, ಸಕ್ಕರೆ ಕಾಯಿಲೆ ಇದೆಯಾ, ಯಾವುದಾದರೂ ಊಟ ಆಗಿಬರೋದಿಲ್ವಾ. ಹೋದ ವರ್ಷ ಏನು ಕೊಟ್ಟಿರಿ, ಅದನ್ನು ಅವರು ಬಳಸುತ್ತಿದ್ದಾರಾ ಅಂತಲೂ ಬರೆಯಿರಿ. ಬಳಸುತ್ತಿಲ್ಲ ಅಂದರೆ ಬೇಜಾರು ಬೇಡ, ಮುಂದಿನ ಸಲಕ್ಕೆ ಅದೇ ದಾರಿ ತೋರಿಸುತ್ತದೆ.

ಮುಯ್ಯಿ ಬೇರೆ, ಉಡುಗೊರೆ ಬೇರೆ

ಇದನ್ನು ಬೇರೆ ಮಾಡಿಕೊಳ್ಳದಿದ್ದರೆ ದುಡ್ಡೂ ಹೋಗುತ್ತದೆ, ಮನಸ್ಸೂ ಸೋಲುತ್ತದೆ. ನಮ್ಮ ಕಡೆ ಮುಯ್ಯಿ ಅನ್ನೋದು ಲೆಕ್ಕ. ಅವರು ನಮ್ಮ ಗೃಹಪ್ರವೇಶಕ್ಕೆ ಇಷ್ಟು ಕೊಟ್ಟರು, ನಾವು ಅವರ ಮಗನ ಮದುವೆಗೆ ಅಷ್ಟು ಕೊಡಬೇಕು. ಅದರಲ್ಲಿ ತಪ್ಪೇನಿಲ್ಲ, ಕಷ್ಟ ಬಂದಾಗ ಒಬ್ಬರಿಗೊಬ್ಬರು ಆಗಲಿ ಅಂತ ಹಿರಿಯರು ಮಾಡಿಕೊಂಡ ವ್ಯವಸ್ಥೆ. ಮುಯ್ಯಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಕವರಿನಲ್ಲಿ ದುಡ್ಡು ಇಟ್ಟು ಮರ್ಯಾದೆಯಿಂದ ಕೊಡಿ. ಪಾತ್ರೆ ತಗೊಂಡು ಹೋಗಿ ಅವರ ಅಟ್ಟ ತುಂಬಿಸೋದಕ್ಕಿಂತ ಅದೇ ವಾಸಿ. ಯೋಚನೆ ಮಾಡಿ ಕೊಡೋದು ಹತ್ತಿರದ ಹತ್ತು ಹನ್ನೆರಡು ಜನಕ್ಕೆ ಇಟ್ಟುಕೊಳ್ಳಿ.

ಆ ಹತ್ತು ಹನ್ನೆರಡು ಜನರ ಹೆಸರು ಬರೆಯಿರಿ, ಮುಂದೆ ಒಂದು ಮೊತ್ತ ಬರೆಯಿರಿ, ಕೂಡಿಸಿ. ಕೈಲಾಗದಷ್ಟು ಬಂದರೆ ಜನರನ್ನು ಬಿಡಬೇಡಿ, ಮೊತ್ತ ಇಳಿಸಿ. ನಾನು ತಿಂಗಳಿಗೆ ಸಾವಿರ ರೂಪಾಯಿ ಒಂದು ಡಬ್ಬಕ್ಕೆ ಹಾಕುತ್ತೇನೆ. ವರ್ಷಕ್ಕೆ 12,000 ಆಗುತ್ತದೆ, ಅದರಲ್ಲೇ ಎಲ್ಲ ಮುಗಿಯಬೇಕು. ಕಂತಿನ ಮೇಲೆ ಉಡುಗೊರೆ ತಂದು ಕೊಡೋದು ದಯವಿಟ್ಟು ಬೇಡ. ನೀವು ಸಾಲ ಮಾಡಿ ತಂದಿರಿ ಅಂತ ಗೊತ್ತಾದರೆ ಯಾವ ತಾಯಿಗೂ ಅದನ್ನು ಖುಷಿಯಿಂದ ಬಳಸೋಕೆ ಆಗೋದಿಲ್ಲ.

ಮನೆಕೆಲಸಕ್ಕೆ ಬರುವವರು, ಹಾಲು ಹಾಕುವವರು, ಪೇಪರ್ ಹಾಕುವ ಹುಡುಗ, ಇವರಿಗೆ ಕೊಡುವ ಹಬ್ಬದ ದುಡ್ಡನ್ನು ಹಬ್ಬಕ್ಕೆ ಒಂದು ವಾರ ಮುಂಚೆಯೇ ಕೊಡಿ. ಅವರ ಮನೆಯಲ್ಲೂ ಮಕ್ಕಳಿಗೆ ಬಟ್ಟೆ ತರಬೇಕಲ್ವಾ. ಹಬ್ಬದ ದಿನ ಕೊಟ್ಟರೆ ಅದು ಅವರ ಹಬ್ಬಕ್ಕೆ ಆಗಿಬರೋದಿಲ್ಲ.

ಗೌರಿ ಬಾಗಿನ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಭಾದ್ರಪದ ಶುದ್ಧ ತದಿಗೆ, ಗಣೇಶನ ಹಿಂದಿನ ದಿನ. ತವರಿನವರು ಮಗಳಿಗೆ ಬಾಗಿನವನ್ನೋ ಮಂಗಳದ್ರವ್ಯ ಅಂತ ದುಡ್ಡನ್ನೋ ಕಳಿಸುತ್ತಾರೆ. ಎಪ್ಪತ್ತು ವರ್ಷದ ಅಜ್ಜಿಯೂ ಆವತ್ತು ಅಣ್ಣನ ಫೋನಿಗೆ ಕಾಯುತ್ತಾಳೆ.

ಬಾಗಿನದಲ್ಲಿ ಏನಿರಬೇಕು ಅಂತ ನಿಮ್ಮ ಮನೆಯ ಪದ್ಧತಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಎರಡು ಮೊರ, ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಬಾಚಣಿಗೆ, ಕನ್ನಡಿ, ರವಿಕೆ ಕಣ. ಹಬ್ಬದ ಸಮಯದಲ್ಲಿ ಇದನ್ನೆಲ್ಲ ಜೋಡಿಸಿ ಪ್ಲಾಸ್ಟಿಕ್ ಕಾಗದ ಸುತ್ತಿಟ್ಟ ರೆಡಿ ಸೆಟ್ ಸಿಗುತ್ತದೆ. ಅವಸರಕ್ಕೆ ಸರಿ. ಆದರೆ ಅದನ್ನು ಬಿಚ್ಚಿ ನೋಡಿದ್ದೀರಾ? ಹಿಡಿ ಅಕ್ಕಿ, ಚಿಟಿಕೆ ಬೇಳೆ, ಮುಖ ಕಾಣದ ಕನ್ನಡಿ, ಕೂದಲಿಗೆ ಇಳಿಯದ ಬಾಚಣಿಗೆ. ರವಿಕೆ ಕಣ ಹೊಲಿಸೋಕೆ ಬಾರದ್ದು, ಒಬ್ಬರಿಂದ ಒಬ್ಬರ ಮನೆಗೆ ಸುತ್ತುತ್ತಾ ಇರುತ್ತದೆ.

ನಾನು ಹೇಳೋದು ಇಷ್ಟೇ. ಪದಾರ್ಥ ಬದಲಿಸಬೇಡಿ, ಪ್ರತಿಯೊಂದನ್ನೂ ಬಳಸುವಂಥದ್ದು ಮಾಡಿ. ಮೊರ ಬಿದಿರಿನದೇ ಇರಲಿ, ಮೇದರು ಹೆಣೆದ ಗಟ್ಟಿ ಮೊರ ತಗೊಳ್ಳಿ. ಅಂಚಿನ ಕಟ್ಟು ಬಿಗಿಯಾಗಿದೆಯಾ ಅಂತ ಬೆರಳಾಡಿಸಿ ನೋಡಿ. ಹಬ್ಬ ಆದ ಮೇಲೆ ಅದರಲ್ಲೇ ಅವರು ರಾಗಿ ಕೇರುತ್ತಾರೆ. ಬೇಳೆ ಒಂದೊಂದು ಅರ್ಧ ಕಿಲೋ ಹಾಕಿ, ಮನೆಗೆ ತರುವ ಬೇಳೆಯನ್ನೇ ಹಾಕಿ. ಬಾಚಣಿಗೆ ಅವಳ ಕೂದಲಿಗೆ ತಕ್ಕದ್ದು ಇರಲಿ. ಗುಂಗುರು ಕೂದಲಿನ ನನ್ನ ನಾದಿನಿಗೆ ಅಗಲ ಹಲ್ಲಿನ ಬಾಚಣಿಗೆ ಹಾಕಿದ್ದೆ. "ನನ್ನ ಕೂದಲು ನೋಡಿ ಬಾಗಿನ ಕೊಟ್ಟಿದ್ದು ಇದೇ ಮೊದಲು" ಅಂತ ಅವಳು ಫೋನ್ ಮಾಡಿ ಹೇಳಿದಳು. ರವಿಕೆ ಬಟ್ಟೆ ಒಂದು ಮೀಟರ್ ಹತ್ತಿಯದು, ಅವಳ ಹತ್ತಿರ ಇರುವ ಸೀರೆಗೆ ಹೊಂದುವ ಬಣ್ಣದ್ದು. ಲೈನಿಂಗ್ ಬಟ್ಟೆಯೂ ಇಡಿ. ಈಗ ಬಟ್ಟೆಗಿಂತ ಹೊಲಿಗೆ ಕೂಲಿಯೇ ಜಾಸ್ತಿ, ಆ ದುಡ್ಡನ್ನೂ ಅದರ ಮಡಿಕೆಯಲ್ಲಿ ಇಟ್ಟರೆ ಅವಳು ನಿಜವಾಗಿ ಹೊಲಿಸುತ್ತಾಳೆ.

ಬಳೆಗೆ ಅಳತೆ ಬೇಕು. ನಮ್ಮ ಕಡೆ 2.4, 2.6, 2.8 ಅಂತ ಕೇಳುತ್ತಾರೆ. ಅಳತೆ ಗೊತ್ತಿಲ್ಲದಿದ್ದರೆ ಅವಳ ಹಳೇ ಬಳೆ ಒಂದನ್ನು ಕಾಗದದ ಮೇಲಿಟ್ಟು ಒಳಗಡೆ ಗೆರೆ ಎಳೆದುಕೊಂಡು ಅಂಗಡಿಗೆ ಹೋಗಿ.

ಅಣ್ಣ ತಮ್ಮಂದಿರಿಗೆ ಒಂದು ಮಾತು. ಮೊಬೈಲಿನಲ್ಲಿ ಐನೂರು ರೂಪಾಯಿ ಹಾಕಿ ಸುಮ್ಮನಾಗಬೇಡಿ. ಹಾಕಿ, ಹಾಕಿದ ಮೇಲೆ ಫೋನ್ ಮಾಡಿ, "ಬಾರಮ್ಮ ಮನೆಗೆ" ಅಂತ ಕರೆಯಿರಿ. ಅವಳು ಬರೋದಿಲ್ಲ ಅಂತ ಗೊತ್ತಿದ್ದರೂ ಕರೆಯಿರಿ. ಬಾಗಿನದ ಅರ್ಧ ಭಾಗ ಆ ಕರೆಯೇ.

ಸೀರೆ, ಚಿನ್ನ ಕೊಳ್ಳುವಾಗ

ಸೀರೆ ಕೊಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಅವರು ಎಲ್ಲಿಗೆ ಉಡುತ್ತಾರೆ ಅಂತ ಗೊತ್ತಿದ್ದು ಕೊಡಿ. ದಿನಾ ಉಡುವವರಿಗೆ ವರ್ಷಕ್ಕೊಂದು ರೇಷ್ಮೆಗಿಂತ ಎರಡು ಒಳ್ಳೆ ಕಾಟನ್ ಸೀರೆ ಹೆಚ್ಚು ಉಪಯೋಗ. ವಯಸ್ಸಾದವರಿಗೆ ಭಾರದ ಜರಿ ಬೇಡ, ನೆರಿಗೆ ಹಿಡಿಯೋಕೇ ಕೈ ನೋಯುತ್ತದೆ.

ರೇಷ್ಮೆಯೇ ತಗೊಳ್ಳೋದಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಗುರುತು ಅದು, ಹಾಲೋಗ್ರಾಂ ಇರುತ್ತದೆ, ಶುದ್ಧ ರೇಷ್ಮೆಗೆ ಮಾತ್ರ ಹಾಕುತ್ತಾರೆ. ಅನುಮಾನ ಇದ್ದರೆ ಸೆರಗಿನ ತುದಿಯಿಂದ ಹಾಸು ಹೊಕ್ಕು ಎರಡರಿಂದಲೂ ಒಂದೊಂದು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಜರಿ ಎಳೆ ಸುಡಬೇಡಿ, ಅದರಿಂದ ಏನೂ ಗೊತ್ತಾಗೋದಿಲ್ಲ. ಎರಡೂ ಎಳೆ ಯಾಕೆ ಅಂದರೆ, ಒಂದು ಕಡೆ ರೇಷ್ಮೆ ಇನ್ನೊಂದು ಕಡೆ ಬೇರೆ ನೂಲು ಹಾಕಿ ನೇಯ್ದ ಸೀರೆಗಳೂ ಇವೆ. ನಾನೇ ಒಮ್ಮೆ ಶುದ್ಧ ರೇಷ್ಮೆ ಅಂತ ಬೆಲೆ ಕೊಟ್ಟು ಅಂಥದ್ದನ್ನು ಅಕ್ಕನಿಗೆ ತಂದುಕೊಟ್ಟಿದ್ದೆ. ಅವಳು ಏನೂ ಅನ್ನಲಿಲ್ಲ, ಆದರೆ ಆ ನೋವು ನನಗೆ ಇನ್ನೂ ಇದೆ.

ಮೊದಲ ದೀಪಾವಳಿಗೆ ಹೊಸ ಅಳಿಯ ಮಗಳು ಬರುತ್ತಾರೆ. ಎಣ್ಣೆ ಸ್ನಾನ, ಹೊಸ ಬಟ್ಟೆ, ಕೈಗೊಂದು ಉಂಗುರ. ಚಿನ್ನಕ್ಕೆ ಹಾಲ್‌ಮಾರ್ಕ್ ನೋಡದೆ ದುಡ್ಡು ಕೊಡಬೇಡಿ. ಒಡವೆ ಮೇಲೆ ಮೂರು ಗುರುತು ಇರಬೇಕು. ಬಿಐಎಸ್ ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು, ಶುದ್ಧತೆ, ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ. 22 ಕ್ಯಾರೆಟ್‌ಗೆ ಶುದ್ಧತೆ 916 ಅಂತ ಇರುತ್ತದೆ. 2023ರ ಏಪ್ರಿಲ್ 1ರಿಂದ ಈ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ವಿವರ ಅಂಗಡಿಯಲ್ಲೇ ಕಾಣುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯ ಇಲ್ಲ, ಹಾಗಾಗಿ ಸಣ್ಣ ಓಲೆ ಮೂಗುತಿ ತಗೊಳ್ಳುವಾಗ ಬಿಲ್ಲಿನಲ್ಲಿ ಕ್ಯಾರೆಟ್ ಮತ್ತು ತೂಕ ಬರೆಸಿಕೊಳ್ಳಿ. ಅಳಿಯನ ಉಂಗುರದ ಅಳತೆ ಬೇಕು ಅಂತ ಮಗಳಿಗೆ ಮೊದಲೇ ಹೇಳಿ ಗುಟ್ಟಾಗಿ ತರಿಸಿಕೊಂಡರೆ ಆಯ್ತು.

ಅಪ್ಪ, ಮಾವ, ತಾತ

ಗಂಡಸರಿಗೆ ಏನು ಕೊಡೋದು ಅಂತ ಗೊತ್ತಾಗದೆ ಎಲ್ಲರೂ ಅಂಗಿ ಬಟ್ಟೆ ಪ್ಯಾಂಟ್ ಬಟ್ಟೆ ಕೊಡುತ್ತಾರೆ. ಅದು ಟ್ರಂಕ್ ಸೇರುತ್ತದೆ. ಅವರ ಹಳೇ ಅಂಗಿ ಒಂದನ್ನು ಟೈಲರ್‌ಗೆ ಅಳತೆಗೆ ಕೊಟ್ಟು ಹೊಲಿಸಿಯೇ ಕೊಡಿ. ಎದೆಯ ಜೇಬು ಮರೆಯಬೇಡಿ, ಬೀಡಿಯೋ ಕನ್ನಡಕವೋ ಬಸ್ ಟಿಕೆಟ್ಟೋ, ಜೇಬಿಲ್ಲದ ಅಂಗಿಯನ್ನು ನಮ್ಮ ಹಿರಿಯರು ಅಂಗಿ ಅಂತಲೇ ಲೆಕ್ಕಕ್ಕೆ ಇಡೋದಿಲ್ಲ.

ಚಪ್ಪಲಿ ಕೊಡೋದಾದರೆ ಸಂಜೆ ಹೊತ್ತು ಎರಡೂ ಪಾದವನ್ನು ಕಾಗದದ ಮೇಲೆ ಇಡಿಸಿ ಗೆರೆ ಎಳೆದುಕೊಳ್ಳಿ. ದಿನವಿಡೀ ಓಡಾಡಿ ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಆ ಅಳತೆಯೇ ಸರಿ. ಸಕ್ಕರೆ ಕಾಯಿಲೆ ಇದ್ದವರಿಗೆ ಉಂಗುಷ್ಠದ ಚಪ್ಪಲಿ ಬೇಡ. ಬೆರಳ ಸಂದಿಯಲ್ಲಿ ಉಜ್ಜಿ ಗಾಯ ಆದರೆ ಅವರಿಗೆ ಎಷ್ಟೋ ಸಲ ಗೊತ್ತೇ ಆಗೋದಿಲ್ಲ.

ಬಿಪಿ ನೋಡುವ ಯಂತ್ರ ಕೊಡುವ ಯೋಚನೆ ಇದ್ದರೆ ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವುದು ಹೆಚ್ಚು ನಂಬಿಕೆಗೆ ಬರುತ್ತದೆ. ತೋಳಿನ ಪಟ್ಟಿ ಅವರ ತೋಳಿಗೆ ಸರಿಹೊಂದಬೇಕು. ಕೊಟ್ಟು ಬಂದುಬಿಡಬೇಡಿ, ಪಕ್ಕದಲ್ಲಿ ಕೂತು ನಾಲ್ಕು ಸಲ ಮಾಡಿ ತೋರಿಸಿ. ಅದರ ಬಳಕೆ ಹೇಗೆ ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ. ಮೊಬೈಲ್, ಕಿವಿ ಯಂತ್ರ, ಏನೇ ಕೊಟ್ಟರೂ ಇದೇ ಮಾತು. ಹೇಳಿಕೊಡದೆ ಕೊಟ್ಟ ಯಂತ್ರ ಅವರಿಗೆ ಉಪಯೋಗಕ್ಕೆ ಬರೋದಿಲ್ಲ, ನನಗೆ ಇದು ಬರೋಲ್ಲ ಅನ್ನೋ ಸಂಕೋಚ ಮಾತ್ರ ಉಳಿಯುತ್ತದೆ.

ಮಕ್ಕಳಿಗೆ

ಇಲ್ಲಿ ಜಾಸ್ತಿ ಹೇಳೋದಿಲ್ಲ. ಆಟದ ಸಾಮಾನಿನ ಮೇಲೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಗುಂಡಿಯಂಥ ಸಣ್ಣ ಬ್ಯಾಟರಿ ಸುಲಭವಾಗಿ ಬಿಚ್ಚಿಬರುವ ಆಟಿಕೆ ಬೇಡವೇ ಬೇಡ. ಮಗು ಅದನ್ನು ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು. ಬಟ್ಟೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಒಂದು ಕನ್ನಡ ಕಥೆ ಪುಸ್ತಕ ಇಡಿ, ಇಟ್ಟ ದಿನವೇ ಕೂತು ಒಂದು ಕಥೆ ಓದಿ ಹೇಳಿ. ಹಾಗೆ ಮಾಡಿದ ಪುಸ್ತಕ ಹರಿಯುವವರೆಗೂ ಅವರ ಕೈಯಲ್ಲಿ ಇರುತ್ತದೆ.

ದೂರ ಇರುವವರಿಗೆ ಊರಿನದೇ ಕಳಿಸಿ

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ನಮ್ಮವರಿಗೆ ಅಲ್ಲಿ ಸಿಗುವ ವಸ್ತುವನ್ನೇ ಇಲ್ಲಿಂದ ಕಳಿಸಿ ಏನು ಪ್ರಯೋಜನ? ನಮ್ಮ ಜಿಲ್ಲೆಯಲ್ಲಿ ಏನು ಕಡಿಮೆ ಇದೆ! ತಿಪಟೂರಿನ ಉಂಡೆ ಕೊಬ್ಬರಿ ತಗೊಳ್ಳಿ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷದವರೆಗೆ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅನ್ನಬೇಕು, ಆಗ ಒಡೆಯುತ್ತಾರೆ. ಅಷ್ಟು ತಾಳ್ಮೆಯ ವಸ್ತುವನ್ನು ಯಾವ ಗಿಫ್ಟ್ ಅಂಗಡಿ ಕೊಡುತ್ತದೆ? ಪಾವಗಡ ಕಡೆಯ ಕಡಲೆಕಾಯಿ, ಬೀಜ ತೆಗೆದ ಹುಣಸೆಹಣ್ಣು, ಹುರಿಟ್ಟು, ಮನೆಯಲ್ಲೇ ಕುಟ್ಟಿದ ಸಾರಿನ ಪುಡಿ, ಹುರುಳಿಕಾಳು. ಇವನ್ನು ಒಂದೊಂದು ಕಿಲೋ ಒಳಗೆ ಬಟ್ಟೆ ಚೀಲದಲ್ಲಿ ಹಾಕಿ, ಮೇಲೆ ಅಮ್ಮನ ಕೈಬರಹದಲ್ಲೇ ಹೆಸರು ಬರೆಸಿ. ನನ್ನ ತಮ್ಮ ಆ ಚೀಟಿಗಳನ್ನು ಎಸೆದಿಲ್ಲ, ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡಿದ್ದಾನೆ.

ವಿಮಾನದಲ್ಲಿ ಹೋಗುವವರ ಕೈಗೆ ಮಾತ್ರ ಕೊಬ್ಬರಿ ಕೊಡಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇರುವ ವಸ್ತು ಅಂತ ವಿಮಾನಯಾನದ ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿದೆ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ತೆಗೆಸಿದರೆ ಕೊಟ್ಟವರಿಗೂ ಬೇಜಾರು, ತಗೊಂಡವರಿಗೂ ಬೇಜಾರು. ಅವರಿಗೆ ಚಟ್ನಿಪುಡಿ, ಸಾರಿನ ಪುಡಿ ಸಾಕು, ಅದೂ ಆ ದೇಶದ ನಿಯಮ ನೋಡಿಕೊಂಡು.

ಅಂಗಡಿ ಸಿಹಿ ತಿಂಡಿ ತಗೊಂಡು ಹೋಗೋದಾದರೆ ಒಂದು ವಿಷಯ ಗಮನಿಸಿ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಯಾವ ದಿನದವರೆಗೆ ತಿನ್ನಬಹುದು ಅಂತ ಬರೆದಿಡಬೇಕು ಅನ್ನೋ ನಿಯಮ 2020ರ ಅಕ್ಟೋಬರ್‌ನಿಂದ ಇದೆ. ಇಲ್ಲದಿದ್ದರೆ ಕೇಳಿ. ಹಾಲು ಖೋವಾದ ತಿಂಡಿ ಬೇಗ ಕೆಡುತ್ತದೆ, ದೀಪಾವಳಿ ಓಡಾಟದಲ್ಲಿ ಮೂರು ದಿನ ಕಾರಿನಲ್ಲಿ ಸುತ್ತಾಡಿಸಿ ಕೊಡಬಾರದು. ಸಕ್ಕರೆ ಕಾಯಿಲೆ ಇರುವ ಮನೆಗೆ "ಬೆಲ್ಲದ್ದು, ಏನೂ ಆಗಲ್ಲ" ಅಂತ ಕೊಡಬೇಡಿ, ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಹುರಿದ ಕಡಲೆಬೀಜದಂಥದ್ದು ಕೊಡಿ.

ಮನೆ ಹಿಂದೆ ಜಾಗ ಇರುವವರಿಗೆ, ತೋಟ ಇರುವವರಿಗೆ ಸಿದ್ದು ಹಲಸಿನ ಕಸಿ ಗಿಡ ಕೊಡಿ. ಇದರ ತಾಯಿ ಮರ ಇರೋದು ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ. ಹಣ್ಣು ಚಿಕ್ಕದು, ಹೆಚ್ಚು ಕಮ್ಮಿ 2.5 ಕಿಲೋ, ಒಂದು ಮನೆಗೆ ಒಂದು ಹೊತ್ತಿಗೆ ಸರಿಹೋಗುತ್ತದೆ. ತೊಳೆ ತಾಮ್ರದಂಥ ಕೆಂಪು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನು ಗುರುತಿಸಿದ ಮೇಲೆ ಇದಕ್ಕೆ ಹೆಸರು ಬಂತು. ನಂಬಿಕೆಯ ಕಡೆಯಿಂದ ಕಸಿ ಗಿಡವನ್ನೇ ತನ್ನಿ, ಬೀಜದ ಗಿಡದಲ್ಲಿ ತಾಯಿ ಮರದ ಗುಣ ಹಾಗೇ ಬರುತ್ತದೆ ಅಂತ ಹೇಳೋಕಾಗಲ್ಲ. ಗೌರಿ ಗಣೇಶನ ಹೊತ್ತಿಗೆ ನಮ್ಮಲ್ಲಿ ಮಳೆ ಇರುತ್ತದೆ, ನೆಡೋಕೂ ಅನುಕೂಲ. ಕೊಡುವ ದಿನ ಗುಂಡಿ ತೋಡೋಕೆ ನೀವೂ ಕೈಜೋಡಿಸಿ.

ಜತೆಗೆ ಹೋಗೋದೂ ಉಡುಗೊರೆಯೇ

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಾಗಿದ್ದರೂ ಎಷ್ಟು ತಾಯಂದಿರು ಗೊರವನಹಳ್ಳಿ ಲಕ್ಷ್ಮಿಯನ್ನು ನೋಡಬೇಕು, ಯಡಿಯೂರಿಗೆ ಹೋಗಬೇಕು ಅಂತ ಹೇಳುತ್ತಲೇ ಇದ್ದಾರೆ, ಹೋಗುತ್ತಿಲ್ಲ. ಬಸ್ ಹತ್ತಿಸಿ ಇಳಿಸೋಕೆ, ಬಾತ್‌ರೂಮ್ ಎಲ್ಲಿದೆ ಅಂತ ಕೇಳೋಕೆ, ಮೆಟ್ಟಿಲ ಹತ್ತಿರ ಕೈ ಹಿಡಿಯೋಕೆ ಒಬ್ಬರು ಬೇಕು. ಅವರಿಗೆ ಕಡಿಮೆ ಆಗಿರೋದು ಅದೇ. ಹಬ್ಬದ ಉಡುಗೊರೆ ಅಂತ ಒಂದು ತಾರೀಕು ಕೊಡಿ. ಕ್ಯಾಲೆಂಡರ್ ಮೇಲೆ ಅವರ ಕಣ್ಣೆದುರೇ ಸುತ್ತು ಹಾಕಿ. ಆ ದಿನ ಬೇರೆ ಕೆಲಸ ಬಂದರೂ ಬದಲಾಯಿಸಬೇಡಿ. ದೇವಸ್ಥಾನದ ಆಸೆ ಇಲ್ಲದವರನ್ನು ದೇವರಾಯನದುರ್ಗದ ಬೆಟ್ಟಕ್ಕೋ ನಾಮದ ಚಿಲುಮೆಗೋ ಕರೆದುಕೊಂಡು ಹೋಗಿ. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿಸಿ.

ಕೊಡುವ ಹೊತ್ತಿಗೆ

ಬೆಲೆಯ ಚೀಟಿ ಕಿತ್ತುಹಾಕಿ, ಬಿಲ್ ಮಾತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬದಲಾಯಿಸೋಕೆ ಎಷ್ಟು ದಿನ ಇದೆ ಅಂತ ಕೊಳ್ಳುವಾಗಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಎಲ್ಲರ ಮುಂದೆ ಕೊಡುವಂಥದ್ದು ಬೇರೆ, ಒಬ್ಬರೇ ಇರುವಾಗ ಕೊಡುವಂಥದ್ದು ಬೇರೆ. ಮಂಡಿ ನೋವಿನ ಪಟ್ಟಿ, ಒಳ ಉಡುಪು, ಔಷಧಿ ಡಬ್ಬ, ದುಡ್ಡು, ಇವೆಲ್ಲ ಅಡುಗೆಮನೆಯಲ್ಲೋ ಕೋಣೆಯಲ್ಲೋ ಮೆಲ್ಲಗೆ ಕೊಡಿ. ಇಬ್ಬರು ಸೊಸೆಯರಿಗೆ, ಇಬ್ಬರು ಅಕ್ಕತಂಗಿಯರಿಗೆ ಬೇರೆ ಬೇರೆ ವಸ್ತು ಕೊಡೋದಾದರೆ ಬೆಲೆ ಹತ್ತಿರ ಹತ್ತಿರ ಇರಲಿ. ಯಾರೂ ಲೆಕ್ಕ ಹಾಕೋದಿಲ್ಲ ಅನ್ನೋದು ಸುಳ್ಳು.

ವರ್ಷದೊಳಗೆ ಸಾವು ಆಗಿರುವ ಮನೆಯವರು ಹಬ್ಬ ಮಾಡೋದಿಲ್ಲ. ಅಂಥವರಿಗೆ ಸಿಹಿ, ಹೊಸ ಬಟ್ಟೆ ಬೇಡ. ಹಾಗಂತ ಆ ಮನೆಯನ್ನು ಬಿಟ್ಟೂ ಬಿಡಬೇಡಿ. ಹಬ್ಬದ ದಿನ ಸಂಜೆ ಸುಮ್ನೆ ಹೋಗಿ ಒಂದು ಗಂಟೆ ಕೂತು ಬನ್ನಿ. ಊಟದ ಡಬ್ಬಿ ತಗೊಂಡು ಹೋದರೆ ಇನ್ನೂ ಒಳ್ಳೇದು, ಆ ದಿನ ಅವರ ಒಲೆ ಹತ್ತಿಸೋ ಮನಸ್ಸು ಅವರಿಗಿರೋದಿಲ್ಲ.

ಅಪ್ಪ ಹೋಗಿ ಮೂರು ವರ್ಷ ಆಯ್ತು. ವರ್ಷ ಕಳೆದ ಮೇಲಿನ ಗೌರಿ ಹಬ್ಬಕ್ಕೆ ಮನೆ ತುಂಬ ಹೆಂಗಸರು, ಒಬ್ಬರಿಗೊಬ್ಬರು ಬಾಗಿನ ಕೊಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ನಲವತ್ತೆರಡು ವರ್ಷ ಎಲ್ಲರಿಗೂ ಬಾಗಿನ ಜೋಡಿಸಿಕೊಟ್ಟ ಕೈ ಅದು. ನಾನು ನೋಡಿದೆ, ನೋಡಿಯೂ ಆವತ್ತು ಏನೂ ಮಾಡಲಿಲ್ಲ. ಮುಂದಿನ ವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಒಬ್ಬಳೇ ಹೋಗಿ ಅಮ್ಮನ ಪಕ್ಕ ಕೂತು ಕೇಳಿದೆ. ನಿನಗೂ ಒಂದು ಮೊರ ಇಡುತ್ತೇನೆ, ಏನೇನು ಹಾಕಲಿ ಹೇಳು ಅಂದೆ. ಅವಳನ್ನು ಕೇಳದೆ ಎಲ್ಲರ ಮುಂದೆ ಕೊಟ್ಟಿದ್ದರೆ ಅದು ನನ್ನ ಹಟ ಆಗುತ್ತಿತ್ತು. ಅಕ್ಕನಿಗೆ ಜನ ಏನಂತಾರೋ ಅಂತ ಭಯ ಇತ್ತು. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬಳೆ ಬೇಡ. ಬೇಳೆ ಹಾಕು, ಬೆಲ್ಲ ಹಾಕು. ಹೂ ಇಡು" ಅಂದಳು.

ಅಕ್ಕನೇ ಸೆರಗು ಮುಚ್ಚಿ ಮೊರ ಕೊಟ್ಟಳು. ಅಮ್ಮ ಹೂ ತಗೊಂಡು ಮೊದಲು ಗೌರಿಗೆ ಏರಿಸಿದಳು, ಉಳಿದ ಗೇಣುದ್ದವನ್ನು ಮುಡಿದುಕೊಂಡಳು. ಮೊನ್ನೆ ಫೋನಿನಲ್ಲಿ ಮಾತಾಡುವಾಗ, "ಹೋದ ಸಲದ ಮಲ್ಲಿಗೆ ಸಂಜೆಗೇ ಬಾಡಿಹೋಯ್ತು, ಕನಕಾಂಬರ ಸಿಕ್ಕಿದರೆ ನೋಡು" ಅಂದಳು. ನೋಟ್‌ಬುಕ್‌ನಲ್ಲಿ ಅವಳ ಪುಟದಲ್ಲಿ ಬರೆದಿಟ್ಟಿದ್ದೇನೆ. ಅಂತರಸನಹಳ್ಳಿ ಹೂವಿನ ಮಾರ್ಕೆಟ್, ಬೆಳಗ್ಗೆ ಬೇಗ, ಕನಕಾಂಬರ ಎರಡು ಮೊಳ.